ಏಪ್ಟೇಸಿಯಾವನ್ನು ಕೆರೆಯಬೇಡಿ
ಹವಳದ ಟ್ಯಾಂಕಿನಲ್ಲಿ ಕಲ್ಲಿಗೆ ಅಂಟಿಕೊಂಡು ಕಳೆಯಂತೆ ಹಬ್ಬುವ ಪುಟ್ಟ ಕಡಲ ಜೀವಿ (ಸೀ ಅನಿಮೋನ್) ಏಪ್ಟೇಸಿಯಾವನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ ಎಂದು ಬರೆದಿದ್ದೀರಿ. ದಯವಿಟ್ಟು ಅದೊಂದನ್ನು ತಿದ್ದಿ ಸಾರ್. ಬುಡದ ಚೂರು ಕಲ್ಲಿನಲ್ಲಿ ಉಳಿದರೂ ಸಾಕು, ಅದರಿಂದಲೇ ಹೊಸದು ಹುಟ್ಟುತ್ತದೆ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ನಾನು ಪಂಪ್ ಆಫ್ ಮಾಡಿ, ಕಾಲ್ಕ್‌ವಾಸರ್ ಪುಡಿಯನ್ನು (ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣ) ಆರ್‌ಒ ನೀರಿನಲ್ಲಿ ಮೊಸರಿನ ಹದಕ್ಕೆ ಕಲಸಿ, ಸಿರಿಂಜಿನಿಂದ ಏಪ್ಟೇಸಿಯಾದ ಬಾಯಿಯ ಮೇಲೆ ನಿಧಾನವಾಗಿ ಬಿಡುತ್ತೇನೆ. ಸೂಜಿ ತಾಗಿದರೆ ಸರ್ರನೆ ತೂತಿನೊಳಗೆ ಸೇರಿಬಿಡುತ್ತದೆ, ಆಮೇಲೆ ಸುಮ್ನೆ ಕಾಯಬೇಕು. ಒಂದೇ ಸಲ ಜಾಸ್ತಿ ಹಾಕಿದರೆ ನೀರಿನ ಪಿಎಚ್ (ಕ್ಷಾರ ಗುಣ) ಏರುತ್ತದೆ, ದಿನಕ್ಕೆ ನಾಲ್ಕೈದು ಏಪ್ಟೇಸಿಯಾಗಳಿಗೆ ಹಾಕಿದರೆ ಸಾಕು. ಸಣ್ಣವನ್ನು ಪೆಪರ್‌ಮಿಂಟ್ ಸೀಗಡಿಯೂ ತಿನ್ನುತ್ತದೆ. ಆದರೆ ಕ್ರಾಫರ್ಡ್ ಮಾರ್ಕೆಟ್ ಕಡೆ ಕೊಳ್ಳುವಾಗ ಬೆನ್ನು ನೋಡಿ ತೆಗೆದುಕೊಳ್ಳಿ. ಗೂನು ಬೆನ್ನು, ಮೈಮೇಲೆ ದಪ್ಪ ಬಿಳಿ ಗೆರೆಗಳಿದ್ದರೆ ಅದು ನೋಡಲು ಹಾಗೇ ಕಾಣುವ ಕ್ಯಾಮಲ್ ಸೀಗಡಿ. ಅದು ಹವಳಕ್ಕೇ ಬಾಯಿ ಹಾಕುತ್ತದೆ.