ಒಂದೇ ಪಕ್ಷದ ಎರಡು ಸೋಲು

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿ ಮತವನ್ನೂ ಇಲ್ಲಿಯೇ ಹಾಕುವ ನಮ್ಮಂಥ ಕನ್ನಡಿಗರಿಗೆ ಊರಿನ ರಾಜಕಾರಣದ ಚಟ ಬಿಡುವುದಿಲ್ಲ. ಹೀಗಾಗಿ ಬಿಜೆಪಿ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳಲ್ಲಿ ಸೋತ ಬಗೆಯನ್ನು ಅಕ್ಕಪಕ್ಕ ಇಟ್ಟು ನೋಡುತ್ತಿರುತ್ತೇನೆ.

2023ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಆ ಪಕ್ಷ 104 ಸ್ಥಾನಗಳಿಂದ 66ಕ್ಕೆ ಇಳಿಯಿತು. ಮತಪ್ರಮಾಣ ಮಾತ್ರ 2018ರಲ್ಲಿದ್ದಂತೆ ಶೇ. 36ರ ಆಸುಪಾಸಿನಲ್ಲೇ ಉಳಿಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಮಹಾರಾಷ್ಟ್ರದಲ್ಲಿ ಅದು 23ರಿಂದ 9ಕ್ಕೆ ಕುಸಿದಾಗಲೂ ಮತ ಕಡಿಮೆಯಾದದ್ದು ಶೇ. 2ರಷ್ಟೂ ಅಲ್ಲ. ಎರಡೂ ಕಡೆ ಎದುರಾಳಿಗಳ ಮತ ಒಟ್ಟುಗೂಡಿತ್ತು. "ನಮ್ಮ ಮತ ನಮ್ಮಲ್ಲೇ ಇದೆ" ಎಂದು ಸಮಾಧಾನಪಟ್ಟುಕೊಳ್ಳಲು ಇಷ್ಟು ಸಾಕು, ಆದರೆ ಆ ಸಮಾಧಾನವೇ ಅಪಾಯ.

ಕರ್ನಾಟಕದಲ್ಲಿ ಹೊಸ ರಾಜ್ಯಾಧ್ಯಕ್ಷರನ್ನೂ ವಿರೋಧ ಪಕ್ಷದ ನಾಯಕರನ್ನೂ ಆರಿಸಲು ನವೆಂಬರ್‌ವರೆಗೆ, ಅಂದರೆ ಆರು ತಿಂಗಳು, ಬೇಕಾಯಿತು. ಇಲ್ಲಿ ಫಲಿತಾಂಶ ಬಂದ ತಿಂಗಳೊಳಗೇ ಬಿಜೆಪಿಯೂ ಇದ್ದ ರಾಜ್ಯ ಸರ್ಕಾರದ ಬಜೆಟ್ಟಿನಲ್ಲಿ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿಯ 'ಲಾಡ್ಕಿ ಬಹೀಣ್' ಯೋಜನೆ ಬಂತು. ಜುಲೈನಲ್ಲಿ ನಮ್ಮ ಗಲ್ಲಿಯ ಮಾಜಿ ನಗರಸೇವಕರ (ಪಾಲಿಕೆ ಸದಸ್ಯರ) ಕಚೇರಿಯೆದುರು ಆಧಾರ್, ರೇಷನ್ ಕಾರ್ಡುಗಳ ಜೆರಾಕ್ಸ್ ಹಿಡಿದ ಹೆಂಗಸರ ಸಾಲು. ನಮ್ಮ ಮನೆಗೆಲಸಕ್ಕೆ ಬರುವ ಅಫಜಲಪುರದ ಬಾಯಿಯ ಅರ್ಜಿಯನ್ನು ಕಾರ್ಯಕರ್ತರೇ ತುಂಬಿಕೊಟ್ಟರು. ನವೆಂಬರ್‌ನಲ್ಲಿ ವಿಧಾನಸಭೆಗೆ ಮತ ಹಾಕುವ ಹೊತ್ತಿಗೆ ಐದು ಕಂತು, 7,500 ರೂಪಾಯಿ, ಖಾತೆಗೆ ಬಿದ್ದಿತ್ತು. ಅಕ್ಟೋಬರ್‌ನಲ್ಲಿ ಮುಂಬೈ ಪ್ರವೇಶದ ಐದು ನಾಕಾಗಳಲ್ಲಿ ಕಾರುಗಳಿಗೆ ಟೋಲ್ ರದ್ದಾಗಿದ್ದೂ ಇದೇ ಲೆಕ್ಕಾಚಾರದಿಂದಲೇ. ಬಿಜೆಪಿ ಒಂದಕ್ಕೇ 132 ಸ್ಥಾನ ಬಂತು. ಜೂನ್‌ನಲ್ಲಿ 13 ಲೋಕಸಭಾ ಸ್ಥಾನ ಗೆದ್ದು ಬೀಗಿದ್ದ ಕಾಂಗ್ರೆಸ್ 288ರಲ್ಲಿ 16ಕ್ಕೆ ನಿಂತಿತು.

ಖಜಾನೆ ಕೈಯಲ್ಲಿದ್ದವರು ಹೀಗೆ ಮಾಡಬಹುದು, ವಿರೋಧ ಪಕ್ಷದಲ್ಲಿ ಕೂತವರು ಏನು ಮಾಡಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಕರ್ನಾಟಕದ ಬಿಜೆಪಿ ಜೆಡಿಎಸ್ ಜತೆ ಕೈಜೋಡಿಸಿ 28ರಲ್ಲಿ 19 ಲೋಕಸಭಾ ಸ್ಥಾನಗಳನ್ನು ಮೈತ್ರಿಕೂಟಕ್ಕೆ ತಂದುಕೊಂಡದ್ದೂ ಸಣ್ಣ ಮಾತಲ್ಲ. ಆದರೆ ಅದು ಕೂಡಿಕೆಯ ಲೆಕ್ಕ. ಗೃಹಲಕ್ಷ್ಮಿಯ 2,000 ರೂಪಾಯಿ ಪಡೆಯುವ ಹೆಂಗಸಿನ ಬಳಿ ಹೋಗಿ ಮಾತಾಡಲು ಪಕ್ಷಕ್ಕೆ ಹಳ್ಳಿಯಲ್ಲಿ ಆಳು ಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದ ಕಾರಣ ಅಂಥ ಎರಡನೇ ಸಾಲಿನ ಮುಖಂಡರು ಬೆಳೆಯುವ ದಾರಿಯೇ ಮುಚ್ಚಿತು (ತಡಮಾಡುವುದನ್ನು ಶುರುಮಾಡಿದ್ದು ಬಿಜೆಪಿ ಸರ್ಕಾರವೇ). ನಮ್ಮ ಪಾಲಿಕೆಗೂ ಆಗ ವರ್ಷಗಳಿಂದ ಚುನಾವಣೆ ಇರಲಿಲ್ಲ. ಆದರೂ ಮಾಜಿ ನಗರಸೇವಕರು ಕಚೇರಿಗೆ ಬೀಗ ಹಾಕಿರಲಿಲ್ಲ.