ಈ ಪಾಲಿನಲ್ಲಿ ಅವ್ವನಿಗೆಷ್ಟು?

ರಾಯಚೂರು ಸೀಮೆಯಲ್ಲಿ ಪಾಲು ಅಂದರೆ ಹೊಲದ ಪಾಲು. ಹೊಲ ಒಬ್ಬರದು, ಬೆವರು ಇನ್ನೊಬ್ಬರದು, ರಾಶಿಯಾದ ಮೇಲೆ ಹಂಚಿಕೆ. ಹೀಗಾಗಿ ನಮ್ಮ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ‘ವಿಶೇಷ ಅಗತ್ಯವುಳ್ಳ ಮಕ್ಕಳು: ಪಾಲಕರೊಂದಿಗೆ ಪಾಲುದಾರಿಕೆ’ ಅಂತ ಫ್ಲೆಕ್ಸ್ ಕಟ್ಟಿದಾಗ, ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಮೆಲ್ಲಗೆ ಕೇಳಿದಳು, “ಅಣ್ಣಾ, ಇದ್ರಾಗ ನಮ್ ಪಾಲು ಎಷ್ಟ ಬರ್ತದ?”

ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ. ಅವತ್ತಿನ ಹತ್ತಿ ಬಿಡಿಸೋ ಕೂಲಿ ಬಿಟ್ಟು ಇವಳು ಸಭೆಗೆ ಬಂದಿದ್ದಾಳೆ. ಮಗ ಎರಡನೇ ಕ್ಲಾಸು. ಆಟಿಸಂ ಅಂತ ಬರೆದ ಕಾಗದ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದಳು.

ಸಭೆ 11ಕ್ಕೆ. ಅತಿಥಿಗಳು ಬಂದದ್ದು 1ಕ್ಕೆ. ಬಂದವರು ಕಾಯ್ದೆಯಿಂದಲೇ ಶುರು ಮಾಡಿದರು. 1995ರ ಕಾಯ್ದೆಯಲ್ಲಿ ಅಂಗವೈಕಲ್ಯಗಳು 7 ಇದ್ದವು, 2016ರಲ್ಲಿ 21 ಆದವು. ಆಟಿಸಂ ಒಳಗೆ ಬಂತು, ಕಲಿಕಾ ನ್ಯೂನತೆಯೂ ಬಂತು. ಗಮನ ನಿಲ್ಲದ, ಸದಾ ಚಡಪಡಿಸುವ ಎಡಿಎಚ್‌ಡಿ ಮಾತ್ರ ಪಟ್ಟಿಯಲ್ಲಿಲ್ಲ. ಒಂದು ಕಡೆ ಕೂರಲಾಗದ ಮಗು ಕಾಯ್ದೆಯಲ್ಲಾದರೂ ಹೇಗೆ ಕೂತೀತು, ಅಲ್ವಾ? ಪ್ರಾಥಮಿಕದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದನ್ನೂ ಓದಿ ಹೇಳಿದರು. ನಾವೆಲ್ಲ ಆ ಶಿಕ್ಷಕ ಎಲ್ಲಿ ಅಂತ ಹಿಂದೆ ತಿರುಗಿ ನೋಡಿದೆವು. ಬಾಗಿಲಲ್ಲಿ ನಾಯಿ ಮಲಗಿತ್ತು.

ತಮಾಷೆ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳ ನಲಿ-ಕಲಿ ತರಗತಿಯಲ್ಲಿ ಇದಕ್ಕೆಲ್ಲ ದಾರಿ ಮೊದಲೇ ಇದೆ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲು ಹತ್ತಬಹುದು. ಹತ್ತಲಿ, ಯಾರು ಬೇಡ ಅಂದರು? ಮಾರ್ಚ್ ಒಳಗೆ ಎಲ್ಲರೂ ತಮ್ಮ ತಮ್ಮ ವೇಗದಲ್ಲೇ ಒಟ್ಟಿಗೆ ಮೇಲೆ ಮುಟ್ಟಿದರಾಯಿತು.

ಭಾಷಣದ ನಂತರ ಪಾಲುದಾರಿಕೆ ಶುರುವಾಯಿತು. ಹಾಜರಿಗೊಂದು ಸಹಿ. ಸಹಭಾಗಿತ್ವಕ್ಕೊಂದು ಸಹಿ. ಒಗ್ಗರಣಿ-ಮಿರ್ಚಿ ತಿಂದದ್ದಕ್ಕೊಂದು ಸಹಿ. ಆಮೇಲೆ ಜಿಪಿಎಸ್ ಫೋಟೊ. ಅದರಲ್ಲಿ ಅಕ್ಷಾಂಶ, ರೇಖಾಂಶ, ತಾರೀಕು, ಟೈಮು ಎಲ್ಲ ಬರುತ್ತದೆ. ಆ ತಾಯಿ ಹೇಳಬೇಕು ಅಂತ ಬಂದ ಮಾತೊಂದು ಬರಲಿಲ್ಲ. ಎದ್ದು ನಿಂತಿದ್ದಳು ಪಾಪ. “ಕೂಡಮ್ಮ, ಫೋಟೊ ಆಗಲಿ” ಅಂದರು.

ಆ ಮಾತು ಕೇಳಿಸಿಕೊಂಡದ್ದು ಅಕ್ಕೋರು, ಅಂದರೆ ಶಾಲೆಯ ಟೀಚರು. ಎಲ್ಲರೂ ಹೋದ ಮೇಲೆ, ಗೇಟಿನ ಹತ್ತಿರ, ಎರಡೇ ನಿಮಿಷ.

ಶಾಲೆಯ ಬೇವಿನ ಮರಕ್ಕೆ ರೈಲು ಕಂಬಿಯ ತುಂಡು ನೇತು ಹಾಕಿದ್ದಾರೆ. ಅದೇ ಗಂಟೆ. ಅದು ಬಡಿದಾಗಲೆಲ್ಲ ಹುಡುಗ ಕಿವಿ ಮುಚ್ಚಿಕೊಂಡು ಕಪಾಟಿನ ಹಿಂದೆ ಸೇರುತ್ತಿದ್ದ. ಅಲ್ಲಿಂದ ಹೊರಗೆ ಬರೋದಕ್ಕೆ ಅರ್ಧ ಪೀರಿಯಡ್ಡು. ಅವ್ವ ಹೇಳಿದಳು, “ಆ ಕೋಲು ಅವನ ಕೈಯಾಗ ಕೊಡ್ರಿ ಅಕ್ಕೋರೆ. ಯಾವಾಗ ಬಡಿತದ ಅಂತ ಗೊತ್ತಿದ್ರ ಅವ ಅಂಜಂಗಿಲ್ಲ.”

ಮರುದಿನ ಕೋಲು ಕೊಟ್ಟರು. ಮೊದಲ ದಿನ ಒಂದೇ ಪೆಟ್ಟು, ಅದೂ ಮೆಲ್ಲಗೆ. ಮೂರನೇ ದಿನಕ್ಕೆ ಗಡಿಯಾರದ ಮುಂದೆ ಹೋಗಿ ನಿಲ್ಲತೊಡಗಿದ. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ. ಮೊದಲೆಲ್ಲ ಸಾಂಬಾರು ಕುದ್ದ ಮೇಲೆ ಊಟದ ಗಂಟೆ ಆಗುತ್ತಿತ್ತು. ಈಗ ಗಂಟೆಗೆ ಸರಿಯಾಗಿ ಸಾಂಬಾರೇ ಕುದಿಯಬೇಕು. ಅಡುಗೆಯವರಿಗೆ ಸ್ವಲ್ಪ ಸಿಟ್ಟಿದೆ, ಇರಲಿ. ಕಪಾಟಿನ ಹಿಂದೆ ಈಗ ಪೊರಕೆ ಇಟ್ಟಿದ್ದಾರೆ.

ಇಷ್ಟಾಗುವಾಗ ತಪಾಸಣೆಯವರು ಬಂದರು. ನೋಡಿದರು. ಬರೆದುಕೊಂಡರು. ವಾರದಲ್ಲಿ ಅಕ್ಕೋರಿಗೆ ಕಾರಣ ಕೇಳಿ ನೋಟಿಸು ಬಂತು: ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಯಿಂದ ಜವಾನನ ಕೆಲಸ ಮಾಡಿಸಿದ್ದೇಕೆ? ಶಾಲೆಗೆ ಜವಾನ ಇದ್ದಾನಾ ಅಂತ ನೋಟಿಸಿನಲ್ಲಿ ಕೇಳಿರಲಿಲ್ಲ. ಇಲ್ಲ ಅನ್ನೋದು ಅವರಿಗೂ ಗೊತ್ತಲ್ಲ.

ಅಕ್ಕೋರು ರಾತ್ರಿ ಕೂತು ಉತ್ತರ ಬರೆದರು. ಸದ್ದಿನ ಭಯ, ಕಪಾಟು, ಕೋಲು, ಗಡಿಯಾರ, ಒಂದೂ ಬಿಡದೆ ಬರೆದರು. ಕೊನೆಗೆ ಒಂದು ಸಾಲು: ‘ಈ ಕ್ರಮವನ್ನು ಪಾಲಕರ ಸಲಹೆಯಂತೆ ಕೈಗೊಳ್ಳಲಾಗಿದೆ.’ ಜೊತೆಗೆ ಆ ಸಭೆಯ ಜಿಪಿಎಸ್ ಫೋಟೊ ಲಗತ್ತಿಸಿದರು. ಫ್ಲೆಕ್ಸು ಸ್ಪಷ್ಟವಾಗಿ ಕಾಣುವಂಥದ್ದನ್ನೇ ಆರಿಸಿದ್ದರು.

ನಿನ್ನೆ ಎರಡನೇ ನೋಟಿಸು ಬಂದಿದೆ.

‘ಪಾಲಕರ ಸಲಹೆ ಪಡೆಯಲು ತಾವು ಯಾರ ಪೂರ್ವಾನುಮತಿ ಪಡೆದಿದ್ದೀರಿ?’