ಅಕ್ಕನ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಉಳಿದ ಬಾಬತ್ತು

ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಗೋಷೆ ಕಾಯಿಲೆ ಇದೆ. ಒಂದು ಕಿಣ್ವದ ಕೊರತೆಯಿಂದ ಕೊಬ್ಬಿನಂಥ ವಸ್ತು ಗುಲ್ಮ, ಯಕೃತ್ತು ಮತ್ತು ಮೂಳೆಯ ಮಜ್ಜೆಯಲ್ಲಿ ಸೇರುತ್ತಾ ಹೋಗುವ ಆನುವಂಶಿಕ ರೋಗ ಅದು. ಎರಡು ವಾರಕ್ಕೊಮ್ಮೆ ಆ ಕಿಣ್ವವನ್ನು ಡ್ರಿಪ್ ಮೂಲಕ ಕೊಡಿಸಬೇಕು, ಬದುಕಿರುವವರೆಗೂ.

ಅಕ್ಕ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಖರ್ಚನ್ನೆಲ್ಲ ಬರೆದಿಡುತ್ತಾಳೆ. ರೈಲಿನ ಪಾಸು, ಆಟೋ, ರಕ್ತಪರೀಕ್ಷೆ, ಸ್ಕ್ಯಾನಿಂಗ್, ಆಸ್ಪತ್ರೆಯ ಹೊರಗೆ ಕುಡಿದ ಚಹಾ ಕೂಡ ಅದರಲ್ಲಿದೆ. ಕಾರ್ಖಾನೆಗಳ ಕಾಸ್ಟಿಂಗ್ ಲೆಕ್ಕ ಬರೆದೇ ತಲೆ ನೆರೆತ ನಾನು ಅದನ್ನು ತಿರುವಿ ಹಾಕಿ, "ಅಕ್ಕಾ, ಶಾಲೆಯ ಕೆಲಸ ಬಿಟ್ಟೆಯಲ್ಲ, ಆ ಸಂಬಳ ಎಲ್ಲಿ ಬರೆದಿದ್ದೀ?" ಎಂದು ಕೇಳಿದೆ. "ಕೈಗೆ ಬಾರದ ದುಡ್ಡನ್ನ ಯಾಕೋ ಬರೀಬೇಕು?" ಎಂದಳು.

ಅಪರೂಪದ ಕಾಯಿಲೆಗಳ ಆರೈಕೆಯ ವೆಚ್ಚವನ್ನು ಅಳೆಯುವವರೂ ಬಹುಮಟ್ಟಿಗೆ ಇದನ್ನೇ ಮಾಡುತ್ತಾರೆ. ಔಷಧದ ಬೆಲೆ ದೊಡ್ಡ ಅಕ್ಷರಗಳಲ್ಲಿ ಕಾಣುತ್ತದೆ. ತಾಯಿಯ ಕೈತಪ್ಪಿದ ದುಡಿಮೆ, ರೋಗ ಯಾವುದೆಂದು ತಿಳಿಯುವ ಮೊದಲು ಜಂತಿನ ಔಷಧಿ, ಟಾನಿಕ್ಕು, ಊರಿನ ಹರಕೆಗಳಲ್ಲಿ ಕಳೆದುಹೋದ ಮೂರು ವರ್ಷ, ಇವು ಯಾವ ಹಾಳೆಗೂ ಬರುವುದಿಲ್ಲ.

ಪ್ರಯೋಜನವನ್ನು ಅಳೆಯಲು ಹಲವು ದೇಶಗಳಲ್ಲಿ ಬಳಸುವ ಮಾನಕ್ಕೆ ಕ್ವಾಲಿ ಎಂದು ಹೆಸರು. ಪೂರ್ಣ ಆರೋಗ್ಯದಲ್ಲಿ ಕಳೆದ ಒಂದು ವರ್ಷಕ್ಕೆ 1 ಅಂಕ. ನೋವು, ನಿಶ್ಶಕ್ತಿಗಳಲ್ಲಿ ಕಳೆದ ವರ್ಷಕ್ಕೆ ಅದಕ್ಕಿಂತ ಕಡಿಮೆ. ಯಾವ ಔಷಧಕ್ಕೆ ಸರ್ಕಾರದ ಹಣ ಸಲ್ಲಬೇಕೆಂದು ತೂಗಿ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ ಬಹುಕಾಲ ಸಾಮಾನ್ಯ ಔಷಧಗಳಿಗೆ ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್ ಮಿತಿಯನ್ನು ಇಟ್ಟುಕೊಂಡಿತ್ತು. ಅತಿ ಅಪರೂಪದ ಕಾಯಿಲೆಗಳಿಗೆ ಅದೇ ಸಂಸ್ಥೆ 1 ಲಕ್ಷ ಪೌಂಡಿನಿಂದ, ಪ್ರಯೋಜನ ಬಹಳ ದೊಡ್ಡದಿದ್ದರೆ 3 ಲಕ್ಷದವರೆಗೂ ಒಪ್ಪಿತು. ರೋಗಿಗಳು ಕಡಿಮೆ ಇರುವಲ್ಲಿ ಒಂದೇ ಅಳತೆಗೋಲು ನ್ಯಾಯವಲ್ಲ ಎಂದು ಅವರು ಲಿಖಿತವಾಗಿಯೇ ಒಪ್ಪಿಕೊಂಡದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ನಮ್ಮಲ್ಲಿ 2021ರಲ್ಲಿ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಬಂತು. ಮುಂಬಯಿಯ ಕೆಇಎಂ ಆಸ್ಪತ್ರೆ ಅದರ ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು. 2022ರಲ್ಲಿ ನೆರವಿನ ಮಿತಿಯನ್ನು ಪ್ರತಿ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿದರು. ಇದು ಸಣ್ಣ ಮೊತ್ತವಲ್ಲ, ಇದರಿಂದ ಜೀವ ಉಳಿದ ಮಕ್ಕಳಿದ್ದಾರೆ. ಆ ಕೃತಜ್ಞತೆ ನಮಗಿದೆ. ಆದರೆ ಈ ಔಷಧದ ಪ್ರಮಾಣ ನಿಗದಿಯಾಗುವುದು ಮಗುವಿನ ತೂಕದ ಮೇಲೆ. ಕಿಲೋ ಒಂದಕ್ಕೆ 60 ಯೂನಿಟ್ ಎಂದು ಹಿಡಿದರೆ 20 ಕಿಲೋ ಮಗುವಿಗೆ ಒಂದು ಸಲಕ್ಕೆ 1,200 ಯೂನಿಟ್, ಅಂದರೆ 400 ಯೂನಿಟ್ಟಿನ ಮೂರು ವಯಲ್, ಔಷಧದ ಪುಟ್ಟ ಸೀಸೆ. ವರ್ಷಕ್ಕೆ 26 ಸಲ, 78 ವಯಲ್. ಅದೇ ಮಗು 40 ಕಿಲೋ ಆದಾಗ 156. ಮಗು ಬೆಳೆಯುತ್ತದೆ, ಮಿತಿ ನಿಂತಲ್ಲೇ ನಿಂತಿರುತ್ತದೆ. ಡ್ರಿಪ್ ಹಾಕುವ ಮುನ್ನ ನರ್ಸ್ ಹುಡುಗನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಅಕ್ಕನ ಮುಖ ನೋಡಿದ್ದೇನೆ. ಮಗ ಒಂದು ಕಿಲೋ ಹೆಚ್ಚಾದನೆಂದು ಹಿಗ್ಗಬೇಕಾದ ತಾಯಿ ಬೆರಳು ಮಡಚಿ ವಯಲ್ ಎಣಿಸುತ್ತಿದ್ದಳು.

ಅದೇ ಹಣದಲ್ಲಿ ಸಾವಿರಾರು ಮಕ್ಕಳಿಗೆ ಲಸಿಕೆ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಅದನ್ನು ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಹೋಲಿಕೆಯಲ್ಲಿ ಔಷಧದ ಬೆಲೆಯನ್ನು ಬದಲಾಗದ ಸಂಗತಿ ಎಂಬಂತೆ ಹಿಡಿಯುತ್ತಾರೆ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಕೊಡುವ ರಿಸ್ಡಿಪ್ಲಾಮ್ ಬಾಟಲಿಯೊಂದಕ್ಕೆ ಸುಮಾರು 6 ಲಕ್ಷ ರೂಪಾಯಿ ಇತ್ತು. ಪೇಟೆಂಟ್ ವ್ಯಾಜ್ಯ ದಾಟಿ ಭಾರತದ ಕಂಪನಿಯೊಂದು 2025ರ ಅಕ್ಟೋಬರಿನಲ್ಲಿ ಅದನ್ನೇ 15,900 ರೂಪಾಯಿಗೆ ಮಾರುಕಟ್ಟೆಗೆ ತಂದಿತು. ಮಗು ಅದೇ, ರೋಗ ಅದೇ, ಸಿಗುವ ಪ್ರಯೋಜನವೂ ಅದೇ. ನಿನ್ನೆ ಸರ್ಕಾರದ ಕೈಗೆ ಎಟುಕದ ಚಿಕಿತ್ಸೆ ಇಂದು ಎಟುಕುವಂತಾದರೆ, ಅಷ್ಟು ದಿನ ನಾವು ಅಳೆದದ್ದು ಚಿಕಿತ್ಸೆಯ ಮೌಲ್ಯವನ್ನಲ್ಲ, ಮಾರುವವನ ಏಕಸ್ವಾಮ್ಯವನ್ನು.

ಆದ್ದರಿಂದ ಜೀವಮಾನವಿಡೀ ಬೇಕಾಗುವ ಚಿಕಿತ್ಸೆಗೆ ಮಂಜೂರಾತಿಯನ್ನು ರೂಪಾಯಿಗಳಲ್ಲಿ ಕೊಡದೆ, ಮಗುವಿನ ತೂಕಕ್ಕೆ ತಕ್ಕಂತೆ ವರ್ಷಕ್ಕೆ ಇಷ್ಟು ವಯಲ್ ಎಂದು ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಬೆಲೆ ಇಳಿಸುವ ಚೌಕಾಸಿ ಸಗಟಾಗಿ ಕೊಳ್ಳುವ ಸರ್ಕಾರದ ಹೊಣೆಯಾಗುತ್ತದೆ, ಅಕ್ಕನಂಥವರದ್ದಾಗಿ ಉಳಿಯುವುದಿಲ್ಲ. ಜೊತೆಗೆ, ಚಿಕಿತ್ಸಾ ಕೇಂದ್ರಗಳು ಗುಲ್ಮದ ಗಾತ್ರ, ಹಿಮೋಗ್ಲೋಬಿನ್ ಬರೆದುಕೊಳ್ಳುವ ಕಡತದಲ್ಲೇ ಮಗು ಶಾಲೆಗೆ ಹೋದ ದಿನಗಳನ್ನೂ, ಮನೆಯವರು ಬಿಟ್ಟ ದುಡಿಮೆಯ ದಿನಗಳನ್ನೂ ಬರೆದುಕೊಳ್ಳಲಿ. ಅಕ್ಕನ ನೋಟ್‌ಬುಕ್ಕಿನಲ್ಲಿ ಆ ಬಾಬತ್ತನ್ನು ಕಳೆದ ಭಾನುವಾರ ನಾನೇ ಕೂತು ತುಂಬಿಸಿದೆ. ನಾಲ್ಕು ವರ್ಷದ ಸಂಬಳ ಕೂಡಿದಾಗ ಅವಳು ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತಾ ಕುಳಿತಿದ್ದಳು.